ಬೀಳ್ರಿ ಸರ್

ನಮ್ಮ ಪಿ.ಟಿ. ಸರ್ ತೀರಿಕೊಂಡ ಸುದ್ದಿಯನ್ನು ಮಾನ್ವಿಯ ಓಣಿ ಓಣಿಯಲ್ಲಿ ಸಾರಿದ್ದು ನನ್ನದೇ ದನಿ. ಅದು ನನ್ನ ಕಸುಬು. ರಾಯಚೂರಿನ ನನ್ನ ಗೆಳೆಯ ಮೌಲಾ ಎಂಬವನ ಆಟೋದ ನೆತ್ತಿಗೆ ಲೌಡ್ ಸ್ಪೀಕರ್ ಕಟ್ಟಿಕೊಂಡು ನಾವಿಬ್ಬರೂ ಪ್ರಚಾರ ಮಾಡುತ್ತೇವೆ. ಸೀರೆ ಸೇಲಿಗೆ ನನ್ನ ಹತ್ತಿರ ಜೇನಿನಂಥ ದನಿ ಇದೆ, ಎಲೆಕ್ಷನ್ನಿಗೆ ಹುಲಿಯಂಥದ್ದು, ಕಳೆದುಹೋದ ಎಮ್ಮೆಗೆ ಗಾಬರಿಯದು, ಸಾವಿಗೆ ದಪ್ಪನೆಯದು. ಸ್ವಂತದ ದನಿಯೊಂದೂ ಇದೆ. ಅದಕ್ಕೆ ಮಾತ್ರ ಗಿರಾಕಿ ಇಲ್ಲ.

ಸಾರಿದ್ದರಲ್ಲಿ ಅವರ ಹೆಸರಿತ್ತು, ಹುಟ್ಟೂರು ದೇವದುರ್ಗ ಎಂದಿತ್ತು, ‘ಮೃದು ಸ್ವಭಾವದ ನಿವೃತ್ತ ದೈಹಿಕ ಶಿಕ್ಷಕರು’ ಎಂದಿತ್ತು. ‘ಮೃದು ಸ್ವಭಾವ’ ಎಂದು ರೆಕಾರ್ಡ್ ಮಾಡುವಾಗ ನನಗೇ ನಗು ಬಂದು ಮತ್ತೆ ಮಾಡಬೇಕಾಯಿತು. ಸತ್ತವರೆಲ್ಲ ನಮ್ಮ ಆಟೋ ಹತ್ತಿದ ಮೇಲೆ ಮೃದು ಸ್ವಭಾವದವರೇ. ಹೆಸರು ಅಲ್ಲಿ ಬಂದದ್ದು ಸಾಕು, ಇಲ್ಲಿ ಬೇಡ. ಮಾನ್ವಿಯ ಹೈಸ್ಕೂಲಿನಲ್ಲಿ ಅವರ ಕೈಕೆಳಗೆ ಓದಿದವರಿಗೆ ‘ಬೀಳ್ರಿ ಸರ್’ ಅಂದರೆ ಸಾಕು, ಬಾಗಲವಾಡದಲ್ಲಿರಲಿ ಚೀಕಲಪರ್ವಿಯಲ್ಲಿರಲಿ, ನಕ್ಕುಬಿಡುತ್ತಾರೆ.

ಆ ಹೆಸರು ಬಂದದ್ದು ಹೀಗೆ. ಬೆಳಿಗ್ಗೆ ಪ್ರಾರ್ಥನೆ ಮುಗಿದು ನಾವು ಸಾಲಾಗಿ ನಿಂತಿರುವಾಗ, ಯಾವ ಮುನ್ಸೂಚನೆಯೂ ಇಲ್ಲದೆ ಅವರು ಸೀಟಿ ಊದುತ್ತಿದ್ದರು. ಬೆನ್ನಿಗೇ “ಬೀಳ್ರೀ!” ಎಂಬ ಕೂಗು. ಇಡೀ ಶಾಲೆ ಮೈದಾನದ ಮಣ್ಣಿಗೆ ಬೋರಲು ಬೀಳಬೇಕು. ಮೊಣಕೈ ಕಿವಿಗೆ ಒತ್ತಿರಬೇಕು, ಕಣ್ಣು ಮುಚ್ಚಿರಬೇಕು, ಬಾಯಿ ತೆರೆದಿರಬೇಕು. ಬಾಯಿ ಯಾಕೆ ತೆರೆಯಬೇಕು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ, ಹಾಗಾಗಿ ನಮ್ಮ ಬ್ಯಾಚಿನವರಿಗೆಲ್ಲ ಮಾನ್ವಿಯ ಮಣ್ಣಿನ ರುಚಿ ಗೊತ್ತು. ಬೇರೆ ಶಾಲೆಗಳಲ್ಲೂ ಇದು ಇದ್ದೇ ಇರುತ್ತದೆ, ಡ್ರಿಲ್ ಎಂದರೆ ಇದೇ ಎಂದು ತಿಳಿದಿದ್ದೆವು. ಯರಗೇರಾದಲ್ಲಿ ಕಬಡ್ಡಿ ಪಂದ್ಯಕ್ಕೆ ಹೋದಾಗ ಸತ್ಯ ತಿಳಿಯಿತು. ಅಂಪೈರ್ ಸೀಟಿ ಊದಿದ. ನಮ್ಮ ತಂಡದ ಇಬ್ಬರು ಅಭ್ಯಾಸಬಲದಿಂದ ಅಂಕಣದಲ್ಲೇ ಬೋರಲು ಬಿದ್ದು ಬಾಯಿ ತೆರೆದರು. ಎದುರು ತಂಡದವರು ಅವರನ್ನು ಮುಟ್ಟಲೂ ಹೆದರಿ, ಏನೋ ಬ್ಯಾನಿ ಬಂದಿದೆ ಎಂದು ದೂರ ಸರಿದರು.

ನೋಡಲಿಕ್ಕೆ ಸರ್ ಉದ್ದಕ್ಕೆ, ಒಣಗಿದ ತೊಗರಿಕಟ್ಟಿಗೆಯ ಹಾಗೆ. ಎಡಗಿವಿ ಕೇಳುತ್ತಿರಲಿಲ್ಲ. ಹಾಗಾಗಿ ಜಗತ್ತಿನ ಎಲ್ಲರಿಗೂ ಎಡಗಿವಿ ಕೇಳುವುದಿಲ್ಲ ಎಂದುಕೊಂಡವರಂತೆ ಕೂಗಿ ಮಾತಾಡುತ್ತಿದ್ದರು. ಗುಟ್ಟು ಹೇಳಿದರೆ ಬಸ್‌ಸ್ಟ್ಯಾಂಡಿನವರೆಗೂ ಕೇಳುತ್ತಿತ್ತು. ಯಾರಾದರೂ ಮಾತಾಡಿಸಿದರೆ ಬಲಗಿವಿಯನ್ನು ಮುಂದೆ ಮಾಡಿ ಕತ್ತು ವಾರೆ ಮಾಡುತ್ತಿದ್ದರು, ಕಾಳು ಕಂಡ ಕೋಳಿಯ ಹಾಗೆ. ನಾನು ಅವರನ್ನು ಅಣಕಿಸಲು ಕಲಿತದ್ದು ಆ ಕತ್ತಿನಿಂದ.

ಅವರಿಗೆ ಇದ್ದ ಒಂದೇ ಸಿಟ್ಟು ಎಂದರೆ ನಿಂತು ನೋಡುವವರ ಮೇಲೆ. ಒಮ್ಮೆ ಶಾಲೆಯ ಮುಂದೆಯೇ ಮೇವಿನ ಲಾರಿಗೆ ಕರೆಂಟ್ ವಾಯರ್ ತಾಗಿ ಹೊತ್ತಿಕೊಂಡಿತು. ನಾವೆಲ್ಲ ಕಂಪೌಂಡ್ ಗೋಡೆ ಏರಿ ಸಿನಿಮಾ ನೋಡುವವರಂತೆ ಕೂತೆವು. ಹೆಡ್‌ಮಾಸ್ತರರು ಆಫೀಸಿನ ಕಿಟಕಿಗೆ ಕುರ್ಚಿ ಎಳೆದುಕೊಂಡರು. ಎಂದೂ ಹೊಡೆಯದ ಸರ್ ಅವತ್ತು ಹುಣಸೆ ಬರಲು ಹಿಡಿದು ನಮ್ಮನ್ನೆಲ್ಲ ಗೋಡೆಯಿಂದ ಇಳಿಸಿ, ಹಿಂದಿನ ಗೇಟಿನಿಂದ ಹೊರಹಾಕಿ, ಊರ ಹೊರಗಿನ ಹೊಲದವರೆಗೆ ಓಡಿಸಿದರು. ಆಮೇಲೆ ಹೆಡ್‌ಮಾಸ್ತರರ ಕೋಣೆಗೆ ಹೋಗಿ, “ಸರ್, ಕಿಟಕಿ ಬಿಟ್ಟು ಬರ್ರಿ” ಎಂದರು.

“ಮೇವಿನ ಲಾರೀರಿ ಮಾಸ್ತರ,” ಎಂದು ಹೆಡ್‌ಮಾಸ್ತರರು ನಕ್ಕರು. “ಅದೇನ್ ಸಿಡಿಯಾಕ ಬಾಂಬೇನ್ರಿ?”

“ಏನರ ಇರ್ಲಿ. ಬೆಂಕಿ ಕಂಡ್ರ ಬೆನ್ನ ತೋರಸ್ಬೇಕು. ಮಾರಿ ತೋರಸ್ಬಾರದು.”

ಇದನ್ನು ನಾನು ವಾರ್ಷಿಕೋತ್ಸವದ ವೇದಿಕೆಯ ಮೇಲೆ ಹಾಗೆಯೇ ಆಡಿ ತೋರಿಸಿದೆ. ಕೋಳಿಯ ಕತ್ತು, ಸೀಟಿ, “ಬೀಳ್ರೀ!” ಎಲ್ಲ. ಹೆಡ್‌ಮಾಸ್ತರರನ್ನೂ ಬಿಡಲಿಲ್ಲ, ನನ್ನನ್ನೂ ಬಿಡಲಿಲ್ಲ. ಸಭಿಕರು ಕುರ್ಚಿಯಿಂದ ಜಾರಿದರು. ಸರ್ ಮುಂದಿನ ಸಾಲಿನಲ್ಲಿ ಬಲಗಿವಿ ಕೊಟ್ಟು ಪೂರ್ತಿ ಕೇಳಿ, ಕಾರ್ಯಕ್ರಮ ಮುಗಿದ ಮೇಲೆ ನನ್ನ ಕುತ್ತಿಗೆಪಟ್ಟಿ ಹಿಡಿದರು. ಸತ್ತೆ ಅಂದುಕೊಂಡೆ.

“ಮಂಗ್ಯಾ, ಎಲ್ಲಾ ಬರೋಬರಿ ಮಾಡಿದಿ. ಆದ್ರ ಬಿದ್ದಾಗ ಬಾಯಿ ಮುಚ್ಚಿದ್ದಿ. ಬಾಯಿ ತೆರೀಲಿಲ್ಲಂದ್ರ ಕಿವಿ ಹರೀತದ. ನೆನಪಿಡು.”

ಅಂದಿನಿಂದ ನಾನು ಅವರಿಗೆ ಮಂಗ್ಯಾ ಆದೆ.

ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ ಅವರು ನನ್ನನ್ನು ದೇವದುರ್ಗಕ್ಕೆ ಕರೆದುಕೊಂಡು ಹೊರಟರು. ಅವರ ಸಂಬಂಧಿಕರ ಮನೆಯಲ್ಲಿ ಮದುವೆ, ಅಲ್ಲಿ ನನ್ನ ಮಿಮಿಕ್ರಿ. ಶಾಲೆಯ ಹೊರಗೆ ನನಗೆ ಸಿಕ್ಕ ಮೊದಲ ಸ್ಟೇಜು ಅದು, ಕೊಡಿಸಿದವರು ಅವರೇ. ರಾಯಚೂರಿಗೆ ಬಂದು ದೇವದುರ್ಗದ ಬಸ್ಸು ಹತ್ತಿದೆವು. ನಾನು ಕಿಟಕಿ ಹಿಡಿದೆ. ಅವರು ನನ್ನನ್ನು ಎಬ್ಬಿಸಿ ಈಚೆ ಕೂರಿಸಿ, ತಾವೂ ಕಿಟಕಿಗೆ ಕೂರದೆ, ಆ ಜಾಗದಲ್ಲಿ ನಮ್ಮ ಬ್ಯಾಗನ್ನು ಕೂರಿಸಿದರು. ಬ್ಯಾಗು ಹೊರಗಿನ ಹತ್ತಿಹೊಲ ನೋಡುತ್ತ ಪ್ರಯಾಣ ಮಾಡಿತು.

ಗಬ್ಬೂರಿನ ಹತ್ತಿರ ಬಸ್ಸಿನ ಟಯರು ಢಂ ಎಂದು ಒಡೆಯಿತು. ನಾನು ಏನಾಯಿತೆಂದು ತಿರುಗಿ ನೋಡುವಷ್ಟರಲ್ಲಿ ಸರ್ ನನ್ನನ್ನು ನೆಲಕ್ಕೆ ಕೆಡವಿ ಮೇಲೆ ಬಿದ್ದಿದ್ದರು. ಬೀಳುವಾಗ ಇನ್ನೊಂದು ಕೈಯಿಂದ ಪಕ್ಕದ ಸೀಟಿನ ದೊಡ್ಡ ಮನುಷ್ಯರೊಬ್ಬರನ್ನೂ ಎಳೆದುಕೊಂಡಿದ್ದರು. ರೈಸ್‌ಮಿಲ್ ಮಾಲಕರಂತೆ. ಹಾಲಿನಂಥ ಬಿಳಿ ಧೋತರ, ಹಣೆಗೆ ವಿಭೂತಿ. ಬಸ್ಸಿನ ನೆಲದಲ್ಲಿ ಯಾರೋ ಉಗುಳಿದ ಎಲೆಅಡಿಕೆಯ ಮೇಲೆ ಅವರು ಅಂಗಾತ ಬಿದ್ದು, “ಯಪ್ಪಾ ಶಿವನೇ, ನನ್ನ ಯಾಕ ಕೊಲ್ಲಾಕತ್ತೀರಿ!” ಎಂದು ಕೂಗಿದರು.

“ಬಾಯಿ ತೆರೀರಿ! ಇನ್ನೂ ತೆರೀರಿ!” ಎಂದು ಸರ್ ಅವರ ಗದ್ದ ಹಿಡಿದು ಎಳೆಯುತ್ತಿದ್ದರು.

ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಗಬೇಕೆಂದಿದ್ದೆ. ಆದರೆ ಸರ್ ನನ್ನ ಮೇಲೆಯೇ ಇದ್ದರಲ್ಲ, ಅವರ ಎದೆ ನನ್ನ ಬೆನ್ನಿಗೆ ತಾಗಿತ್ತು. ಆ ಎದೆ ಬಡಿಯುತ್ತಿದ್ದ ರೀತಿ ನನಗೆ ಗೊತ್ತಾಗುತ್ತಿತ್ತು. ಬಲೆಗೆ ಬಿದ್ದ ಮೊಲವನ್ನು ಕೈಯಲ್ಲಿ ಹಿಡಿದವರಿಗೆ ಅದು ಗೊತ್ತಿರುತ್ತದೆ. ಅಷ್ಟು ದೊಡ್ಡ ಮನುಷ್ಯ ಅಷ್ಟು ಹೆದರಬಹುದು ಎಂಬುದು ನನಗೆ ಆವರೆಗೆ ಗೊತ್ತಿರಲಿಲ್ಲ. 

ಟಯರು ಬದಲಿಸುವವರೆಗೆ ಬೇವಿನ ಮರದ ಕೆಳಗೆ ಕೂತೆವು. ಮಾಲಕರಿಗೆ ಸರ್ ತಮ್ಮ ಟವೆಲು ಒದ್ದೆ ಮಾಡಿ ಕೊಟ್ಟರು, ಅವರು ಧೋತರ ತಿಕ್ಕುತ್ತ ದೂರ ಹೋಗಿ ಕೂತರು. ಆಗ ಕೇಳದೆಯೇ ಸರ್ ಹೇಳಿದರು. ಗುಟ್ಟು ಹೇಳುವ ದನಿಯಲ್ಲಿ, ಅಂದರೆ ಇಡೀ ಬಸ್ಸಿಗೆ ಕೇಳುವಂತೆ.

ಅವರ ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ದೇವದುರ್ಗದಲ್ಲಿ ಕೂಲಿ ಸಿಗದೆ ದೂರದ ದೊಡ್ಡ ಯಾರ್ಡೊಂದಕ್ಕೆ ಹೋಗಿ, ಹಳಿಗಳ ಪಕ್ಕದ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿದ್ದರು. ಆ ಊರಿನ ಹೆಸರನ್ನು ಸರ್ ಎಂದೂ ಹೇಳಲಿಲ್ಲ. ‘ಆ ಯಾರ್ಡು’ ಎನ್ನುತ್ತಿದ್ದರು, ಅಷ್ಟೆ.

“ಯುದ್ಧ ನಡದಿತ್ತು. ಮದ್ದುಗುಂಡು ತುಂಬಿದ ಗಾಡಿ ಬಂದು ನಿಂತಿತ್ತು. ಬ್ರೇಕು ಹಿಡಕೊಂಡು ಗಾಲಿ ಕಿಡಿ ಕಾರಿ, ಒಂದು ವ್ಯಾಗನ್ನಿನ ತಳಕ್ಕ ಬೆಂಕಿ ಹತ್ತಿತು. ಅದನ್ನ ಬಿಡಿಸಿ ದೂರ ನೂಕಾಕ ನಮ್ಮಪ್ಪಗ ಕರದ್ರು. ಹೋದ.”

“ನೀವೆಲ್ಲಿದ್ರಿ ಸರ್?”

“ಮನ್ಯಾಗ. ಮೊದ್ಲ ಭಾಳ ಸಣ್ಣದಿತ್ತಲೇ. ಪಟ್, ಪಟ್ ಅಂತ, ದೀಪಾವಳಿ ಹಂಗ. ಮಂದಿ ಎಲ್ಲಾ ಹೊರಗ ಬಂದ್ರು. ಮಾಳಗಿ ಏರಿ ನಿಂತ್ರು. ಟೈಮ್ ಇತ್ತು. ಬೇಕಾದಷ್ಟು ಟೈಮ್ ಇತ್ತು. ಸಾವಕಾಶ ನಡಕೊಂಡು ಹೋಗಿದ್ರೂ ಉಳೀತಿದ್ರು. ಯಾರೂ ಹೋಗಲಿಲ್ಲ. ನೋಡಕೋತ ನಿಂತ್ರು. ನಮ್ಮವ್ವ, ನಮ್ಮಕ್ಕ, ಬಾಜೂ ಮನಿ ಅತ್ತಿ, ಎಲ್ಲಾರೂ ಕಿಟಕ್ಯಾಗ. ನನಗ ಕಿಟಕಿ ಎಟಕ್ತಿದ್ದಿಲ್ಲ. ಯವ್ವಾ, ನನ್ನೂ ಎತ್ತಿಗೋ, ನನಗೂ ತೋರಸು ಅಂತ ಸೀರಿ ಹಿಡದು ಜಗ್ಗಿದೆ. ಆಕಿ ತಿರುಗಿ ಸೈತ ನೋಡಲಿಲ್ಲ. ಸಿಟ್ಟು ಬಂತು. ನೆಲಕ್ಕ ಬೋರಲು ಬಿದ್ದು, ಕಿವಿ ಮುಚ್ಚಕೊಂಡು, ಬಾಯಿ ತೆರದು ಅಳಾಕತ್ತಿದೆ.”

ನಾನು ಸುಮ್ಮನಿರಬೇಕಿತ್ತು. ಆದರೆ ನನಗೆ ಸದ್ದೇ ಪ್ರಪಂಚ. ಗಿರಣಿ, ಕೋಣ, ಹೆಡ್‌ಮಾಸ್ತರರು, ಎಲ್ಲವೂ ನನಗೆ ಸದ್ದುಗಳೇ. “ಸದ್ದು ಹೆಂಗಿತ್ರಿ ಸರ್?” ಎಂದುಬಿಟ್ಟೆ.

ಅವರು ಕತ್ತು ವಾರೆ ಮಾಡಿ ನನ್ನನ್ನೇ ನೋಡಿದರು.

“ಸದ್ದು ಇದ್ದಿಲ್ಲ ಮಂಗ್ಯಾ. ಎಲ್ಲಾರೂ ಅದನ್ನೇ ಕೇಳತಾರ. ಏನೂ ಸದ್ದಾಗಲಿಲ್ಲ ನನಗ. ನೆಲ ಒಮ್ಮೆ ನನ್ನ ಎತ್ತಿ ಕೆಳಗ ಇಟ್ಟಂಗಾತು. ಎದ್ದು ನೋಡಿದ್ರ ಕಿಟಕಿ ಇದ್ದಿಲ್ಲ. ಕಿಟಕ್ಯಾಗ ನಿಂತವ್ರೂ ಇದ್ದಿಲ್ಲ.”

ಬಸ್ಸಿನವನು ಹಾರ್ನ್ ಹೊಡೆದ. ಸರ್ ಎದ್ದು ಪ್ಯಾಂಟಿನ ಮಣ್ಣು ಜಾಡಿಸಿಕೊಂಡರು.

“ಒಂದು ಮಾತು ತಿಳಿಯಂಗಿಲ್ಲ ನನಗ. ಸತ್ತದ್ದು ತಿಳೀತದ. ಬೆಂಕಿ ಅಂದ್ರ ಸಾಯತಾರ. ಆದ್ರ ಕೂಸು ಸೀರಿ ಜಗ್ಗಾಕತ್ತದ, ತಿರುಗಿ ನೋಡದಂಥಾದ್ದು ಏನಿತ್ತಲೇ ಅಲ್ಲಿ? ಏನ್ ನೋಡಕೋತ ನಿಂತಿದ್ಳು ಆಕಿ?”

ಅವತ್ತು ಮದುವೆಯಲ್ಲಿ ನಾನು ಎಲ್ಲರನ್ನೂ ಅಣಕಿಸಿದೆ, ಸರ್ ಒಬ್ಬರನ್ನು ಬಿಟ್ಟು. ಮದುವೆಗೆ ಬಂದಿದ್ದ ಮಾನ್ವಿಯ ಮಂದಿ ‘ಬೀಳ್ರಿ ಸರ್ ಐಟಂ ಮಾಡಲೇ’ ಎಂದು ಕೂಗಿದರು. ಕೊನೆಗೆ ಅವರೇ ಎದ್ದು ನಿಂತು, “ಮಾಡಲೇ, ನಾಚಗೊಂತಿಯೇನು? ಬಾಯಿ ತೆರಿ ಮಾತ್ರ” ಎಂದರು. ಮಾಡಿದೆ. ಎಲ್ಲರಿಗಿಂತ ಜೋರಾಗಿ ಅವರೇ ನಕ್ಕರು. ಆ ಮದುವೆಮನೆಯ ಗೋಡೆಯ ಮೇಲೆ ಬುದ್ಧನ ಪಟವೊಂದಿತ್ತು, ಅದೂ ನಕ್ಕಂತೆ ಕಂಡಿತು. ನನ್ನ ಬೆನ್ನಿಗೆ ಮಾತ್ರ ಆ ಎದೆಯ ಬಡಿತ ಅಂಟಿಕೊಂಡೇ ಇತ್ತು.

ಆಮೇಲೆ ನಾನೂ ನಮ್ಮವ್ವನೂ ರಾಯಚೂರಿಗೆ ಬಂದೆವು. ಸ್ಟೇಷನ್ನಿನ ಆಚೆ ಬದಿಗೆ ನಮ್ಮ ಮನೆ, ಈಚೆ ಬದಿಗೆ ಅವ್ವ ದುಡಿಯುವ ಹತ್ತಿ ಜಿನ್ನಿಂಗ್ ಮಿಲ್ಲು. ನಡುವೆ ರೈಲ್ವೆ ಯಾರ್ಡು, ಅದರ ಮೇಲೊಂದು ಉದ್ದನೆಯ ಪಾದಚಾರಿ ಸೇತುವೆ. ಅವ್ವ ದಿನಾ ಸಂಜೆ ಗೆಳತಿಯರ ಜೊತೆ ಆ ಸೇತುವೆ ದಾಟಿ ಮನೆಗೆ ಬರುತ್ತಾಳೆ. ಸರ್ ನಿವೃತ್ತರಾಗಿ ಮಾನ್ವಿಯಲ್ಲೇ ಇದ್ದರು, ಸೀಟಿ ಮಾತ್ರ ಇನ್ನೂ ಕೊರಳಲ್ಲೇ ಇತ್ತು. ಬಲಗಿವಿಯೂ ಕೈಕೊಡಲು ಶುರುವಾಗಿತ್ತು, ಡಾಕ್ಟರಿಗೆ ತೋರಿಸಲು ರಾಯಚೂರಿಗೆ ಬಂದರೆ ನಮ್ಮ ಮನೆಗೆ ಬರದೆ ಹೋಗುತ್ತಿರಲಿಲ್ಲ. ಬರುವುದು ಮಾತ್ರ ದೂರದ ರಸ್ತೆ ಸುತ್ತಿ, ಆಟೋದಲ್ಲಿ. ಯಾರ್ಡಿನ ಮೇಲಿನ ಸೇತುವೆಯನ್ನು ಅವರು ಒಮ್ಮೆಯೂ ಹತ್ತಿರಲಿಲ್ಲ.

ಈಗ ಹೇಳುವ ಸಂಗತಿಯನ್ನು ನೀವು ಪೇಪರಿನಲ್ಲಿ ಓದಿಲ್ಲ. ಅಂದರೆ ಏನೂ ಆಗಲಿಲ್ಲ ಎಂದು ಅರ್ಥ. ನಮ್ಮ ಯಾರ್ಡಿನಲ್ಲಿ ನಿಂತಿದ್ದ ಮಿಲಿಟರಿ ವ್ಯಾಗನ್ನುಗಳನ್ನು ಎಂಜಿನ್ನೊಂದು ಕಡೆಗೂ ಎಳೆದುಕೊಂಡು ಹೋಯಿತು, ಬೆಂಕಿಯನ್ನು ಫೈರ್ ಎಂಜಿನ್ನಿನವರು ಆರಿಸಿದರು, ವ್ಯಾಗನ್ನಿನೊಳಗೆ ಏನಿತ್ತೆಂದು ಯಾರೂ ಹೇಳಲಿಲ್ಲ. ಆದರೆ ‘ಏನೂ ಆಗಲಿಲ್ಲ’ ಎಂಬುದು ಆಮೇಲೆ ಗೊತ್ತಾಗುವ ಮಾತು. ಆ ಸಂಜೆ ನಮ್ಮ ಕೈಯಲ್ಲಿ ಅದು ಇರಲಿಲ್ಲ.

ಶಿವರಾತ್ರಿ ಮುಗಿದು ಬಿಸಿಲು ಏರುತ್ತಿದ್ದ ಕಾಲ. ಮೌಲಾನೂ ನಾನೂ ಸರ್‌ರನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ನಮ್ಮ ಪ್ರಚಾರದ ಆಟೋದಲ್ಲಿ ಹೊರಟಿದ್ದೆವು. ಸ್ಟೇಷನ್ನಿನ ಮೇಲೆ ಹೊಗೆ ಕಂಡಿತು. ಸೇತುವೆಯ ನಮ್ಮ ಬದಿಯ ಮೆಟ್ಟಿಲ ಬಳಿ ಆಟೋ ನಿಲ್ಲಿಸಿ ವಿಚಾರಿಸಿದೆವು. ಥರ್ಮಲ್ ಸ್ಥಾವರಕ್ಕೆ ಹೋಗುವ ಕಲ್ಲಿದ್ದಲ ಗಾಡಿ ಯಾರ್ಡಿನಲ್ಲಿ ನಿಂತಿತ್ತು. ಅದರ ಒಂದು ವ್ಯಾಗನ್ನು ಒಳಗೊಳಗೇ ಹೊತ್ತಿಕೊಂಡು, ಕೆಂಡ ಉದುರಿ, ಹಳಿಗಳ ನಡುವಿನ ಒಣಹುಲ್ಲಿಗೂ ಜಾಲಿಕಂಟಿಗೂ ಬೆಂಕಿ ಹಿಡಿದಿತ್ತು. ಅಷ್ಟೇ ಆಗಿದ್ದರೆ ಅಷ್ಟೇ. ಆದರೆ ಪಕ್ಕದ ಹಳಿಯ ಮೇಲೆ ಮಿಲಿಟರಿ ಗಾಡಿ. ಬಾಗಿಲಿಗೆ ಮೊಹರು ಹಾಕಿದ ವ್ಯಾಗನ್ನುಗಳು, ಒಂದರ ಹಿಂದೆ ಒಂದು. ಬಂದೂಕು ಹಿಡಿದ ಜವಾನರು ಹುಲ್ಲಿನ ಬೆಂಕಿಯನ್ನು ಬೂಟಿನಿಂದ ತುಳಿಯುತ್ತ, ಮೇಲೆ ನೋಡಿ “ಹಟೋ! ಹಟೋ!” ಎಂದು ಕೂಗುತ್ತಿದ್ದರು.

ಮೇಲೆ ಸೇತುವೆಯ ತುಂಬ ಮಂದಿ. ಕಟಕಟೆಗೆ ಹೊಟ್ಟೆ ಒತ್ತಿ, ಮೊಬೈಲು ಎತ್ತಿ ಹಿಡಿದು ನಿಂತಿದ್ದಾರೆ. ಗಾಡಿ ಹಿಡಿಯಲು ಬಂದವರು ಗಾಡಿ ಮರೆತಿದ್ದಾರೆ. ಮಿರ್ಚಿ ಭಜಿ ಮಾರುವವನು ಬುಟ್ಟಿ ಹೊತ್ತು ಮೇಲೇರಿ ಆಗಲೇ ಅರ್ಧ ಮಾರಿದ್ದಾನೆ. ಆ ಗುಂಪಿನ ನಟ್ಟನಡುವೆ, ಮಿಲಿಟರಿ ವ್ಯಾಗನ್ನುಗಳ ನೇರಕ್ಕೆ, ಕೈಯಲ್ಲೊಂದು ಮಿರ್ಚಿ ಹಿಡಿದು ನಮ್ಮವ್ವ.

ನಾನು ಸರ್ ಮುಖ ನೋಡಿದೆ. ಬೂದಿ ಬಳಿದ ಹಾಗಿತ್ತು.  ಕೆಳಗಿನಿಂದ ‘ಪಟ್’ ಎಂದಿತು. ಮತ್ತೊಮ್ಮೆ ‘ಪಟ್, ಪಟ್’. ಜಾಲಿಕಾಯಿ ಸಿಡಿದದ್ದೋ, ಇನ್ನೇನೋ, ಇವತ್ತಿಗೂ ಗೊತ್ತಿಲ್ಲ. ಸೇತುವೆಯ ಮೇಲಿನವರು “ಹೋ!” ಎಂದು ಖುಷಿಯಿಂದ ಕೂಗಿದರು.

ಸರ್ ಆಟೋದಿಂದ ಹಾರಿ ಮೆಟ್ಟಿಲು ಹತ್ತಿದರು. ನಾನು ಹಿಂದೆ.

“ಓಡ್ರೀ! ಇಳೀರಿ ಕೆಳಗ! ಟೈಮ್ ಅದ, ಇನ್ನೂ ಟೈಮ್ ಅದ!”

ಯಾರೋ ಮಾನ್ವಿಯ ಹಳೆಯ ಹುಡುಗ ಗುಂಪಿನಲ್ಲಿದ್ದ. “ಏ, ಬೀಳ್ರಿ ಸರ್ ಬಂದ್ರಲೇ!” ಎಂದು ಕೂಗಿ, ಮೊಬೈಲನ್ನು ಬೆಂಕಿಯಿಂದ ಸರ್ ಕಡೆ ತಿರುಗಿಸಿದ. ನಾಲ್ಕಾರು ಮಂದಿ ನಕ್ಕರು. ಒಬ್ಬ ತಮಾಷೆಗೆ ಬಾಯಿ ತೆರೆದು ಕಿವಿಗೆ ಮೊಣಕೈ ಒತ್ತಿ ತೋರಿಸಿದ.

ನಾನು ಜನರ ಸಂದಿಯಲ್ಲಿ ನುಗ್ಗಿ ಅವ್ವನ ತೋಳು ಹಿಡಿದೆ. “ಯವ್ವಾ, ನಡಿ ಮನಿಗಿ. ಇದು ಸಿಡೀತದ.”

“ಬಿಡಲೇ ಮೂಳಾ, ಎಣ್ಣಿ ಕೈ. ಪೊಲೀಸ್ರೇ ನಿಂತು ನೋಡಾಕತ್ತಾರ, ನಿನಗೇನ್ ಹೆಚ್ಚಿಗಿ ತಿಳೀತದ?”

“ಖರೇನ ಹೇಳಾಕತ್ತೀನವ್ವಾ.”

“ನಿನ್ನಿ ಹಾಲು ಉಕ್ಕಿತಂತ ಪಕ್ಕದ ಮನಿ ಅಕ್ಕನ ದನ್ಯಾಗ ಕೂಗಿ ನನ್ನ ಓಡಿಸಿದಾಂವ ನೀನೇ ಹೌದಲ್ಲೋ? ಹೋಗಲೇ.”

ಹತ್ತಿರದಲ್ಲಿದ್ದ ಹೆಂಗಸರು ಬಾಯಿಗೆ ಸೆರಗು ಹಿಡಿದರು.  ಜೀವಮಾನದಲ್ಲಿ ಒಮ್ಮೆ ನನ್ನ ಸ್ವಂತ ದನಿಯಲ್ಲಿ ಸತ್ಯ ಹೇಳಿದರೆ ಹೆತ್ತವಳೂ ನಂಬಲಿಲ್ಲ. ಕೆಳಗೆ ಓಡಿ ಆಟೋದ ಮೈಕು ಹಿಡಿದೆ. ಪೊಲೀಸ್ ಸಾಹೇಬರ ದನಿಯಲ್ಲಿ “ಎಲ್ಲರೂ ಕೂಡಲೇ ತೆರವು ಮಾಡಬೇಕು” ಎಂದೆ. ನಿಜವಾದ ಪೊಲೀಸ್ ಪೇದೆ ಸೇತುವೆಯ ಮೇಲಿಂದ ಬಗ್ಗಿ ನನ್ನನ್ನು ನೋಡಿದ. ರೈಲ್ವೆ ಅಕ್ಕನ ದನಿಯಲ್ಲಿ “ಯಾತ್ರಿಗಳ ಗಮನಕ್ಕೆ” ಎಂದೆ. ಯಾವ ಗಾಡಿ ಲೇಟು ಎಂದು ಯಾರೋ ಕೇಳಿದರು. ಮತ್ತೆ ‘ಪಟ್’ ಎಂದಿತು. ಮೌಲಾ ಸ್ಟಿಯರಿಂಗ್ ಹಿಡಿದು ದೇವರ ಹೆಸರು ಹೇಳತೊಡಗಿದ್ದ.

ಆಗ ಹೊಳೆಯಿತು. ನಮ್ಮ ಓಣಿಗಳಿಗೆ ನಲ್ಲಿ ನೀರು ಬರುವುದು ದಿನಗಟ್ಟಲೆ ಬಿಟ್ಟು ಒಮ್ಮೆ, ಅದೂ ಹೊತ್ತುಗೊತ್ತಿಲ್ಲದೆ. ವಾಲ್ವ್ ತಿರುವುವ ಮುದುಕ ಸೈಕಲ್ಲಿನ ಮೇಲೆ ಬಂದು, ಕಬ್ಬಿಣದ ಚಾವಿಯಿಂದ ಹ್ಯಾಂಡಲ್ ಬಡಿದು, ಮೂಗಿನಲ್ಲಿ ಒಂದು ಕೂಗು ಹಾಕುತ್ತಾನೆ. ಆ ಕೂಗಿಗೆ ನಮ್ಮ ಮಂದಿ ತಟ್ಟೆಯ ಮುಂದಿನ ಊಟ ಬಿಟ್ಟು ಏಳುತ್ತಾರೆ. ಬಾಣಂತಿ ಏಳುತ್ತಾಳೆ. ಒಮ್ಮೆ ನಮ್ಮ ಓಣಿಯಲ್ಲಿ ಹೆಣ ಎತ್ತುವ ಹೊತ್ತಿಗೆ ಆ ಕೂಗು ಕೇಳಿ, ಹೊತ್ತವರು ಹೆಣವನ್ನು ಕಟ್ಟೆಯ ಮೇಲೆ ಇಳಿಸಿ ಕೊಡ ತುಂಬಿಕೊಂಡು ಬಂದಿದ್ದರು.

ಮೈಕಿಗೆ ಆಟೋದ ಚಾವಿ ಬಡಿದೆ. ಟಿಣ್, ಟಿಣ್, ಟಿಣ್. ಮೂಗು ಬಿಗಿಹಿಡಿದೆ.

“ನೀರು ಬಿಟ್ಟೀನ್ರೀ ಯವ್ವಾ... ನೀರೂ... ಅರ್ಧ ತಾಸು ಅಷ್ಟಾ... ಹಿಡ್ಕೋರೀ... ನೀರೂ...”

 ಸೇತುವೆಯ ಮೇಲಿನ ಮೊಬೈಲುಗಳೆಲ್ಲ ಒಟ್ಟಿಗೆ ಕೆಳಗಿಳಿದವು. “ನೀರು ಬಂತಂತ!” “ಏ, ಮನ್ಯಾಗ ಯಾರೂ ಇಲ್ಲಲೇ!” “ಕೊಡಾ ಖಾಲಿ ಅದಾವ!” ಮಂದಿ ಮೆಟ್ಟಿಲ ಕಡೆ ನುಗ್ಗಿದರು. ಈಗ ಬೇರೆ ಭಯ ಹುಟ್ಟಿತು. ಸಿಡಿಮದ್ದಿನಿಂದ ಉಳಿದವರು ತುಳಿತಕ್ಕೆ ಸಾಯುತ್ತಾರೆ ಎನಿಸಿತು. ಆಗ ಮೇಲಿನಿಂದ ಸೀಟಿ ಕೇಳಿತು. ಸರ್ ಮೆಟ್ಟಿಲ ಬಾಯಿಯಲ್ಲಿ ಎರಡೂ ಕೈ ಚಾಚಿ ನಿಂತಿದ್ದರು.

“ಒಂದು ಸಾಲು! ಹೆಣಮಕ್ಕಳು ಮೊದ್ಲ! ಎಡಾ ಬಲಾ, ಎಡಾ ಬಲಾ! ಯಾಂವ ನೂಕಾಂವ? ಬಾ ಇಲ್ಲಿ!”

ಬೆಂಕಿಗೆ ಹೆದರದವರು ಆ ಸೀಟಿಗೆ ಹೆದರಿ ಸಾಲಾದರು. ಮಾನ್ವಿಯ ಹುಡುಗನಂತೂ ಎದೆ ಮುಂದೆ ಮಾಡಿ ಮಾರ್ಚ್ ಮಾಡಿದ. ನಮ್ಮವ್ವ ಮಿರ್ಚಿ ಬಾಯಲ್ಲಿ ಕಚ್ಚಿಕೊಂಡು, ಸೀರೆ ಎತ್ತಿ ಹಿಡಿದು, ಎಲ್ಲರಿಗಿಂತ ಮುಂದೆ ಇಳಿದು ಮನೆಯ ಕಡೆ ಓಡಿದಳು. ನನ್ನ ಪಕ್ಕದಿಂದಲೇ ಹೋದಳು, ನೋಡಲಿಲ್ಲ. ಅವಳ ಬೆನ್ನು ಓಣಿಯ ತಿರುವಿನಲ್ಲಿ ಮರೆಯಾಗುವವರೆಗೆ ನಾನು ಕೂಗುತ್ತಲೇ ಇದ್ದೆ, ನೀರೂ, ನೀರೂ.

ಸೇತುವೆ ಖಾಲಿಯಾಯಿತು. ಪೇದೆಯೂ ಇಳಿದ, ಅವನ ಮನೆಯೂ ನಮ್ಮ ಕಡೆಯೇ ಇರಬೇಕು. ಸರ್ ಮಾತ್ರ ಇಳಿಯಲಿಲ್ಲ.

“ಸರ್, ಬರ್ರೀ!” ಎಂದು ಮೈಕಿನಲ್ಲೇ ಕೂಗಿದೆ. ಕೇಳಲಿಲ್ಲ. ಮೌಲಾ, “ಮತ್ ಜಾ ರೇ” ಎಂದು ನನ್ನ ಅಂಗಿ ಹಿಡಿದ. ಬಿಡಿಸಿಕೊಂಡು ಹತ್ತಿದೆ. ಧೈರ್ಯದಿಂದ ಎಂದುಕೊಳ್ಳಬೇಡಿ. ಮೆಟ್ಟಿಲಿಗೆ ಕೈ ಊರಿಕೊಂಡು, ಕೋತಿಯ ಹಾಗೆಯೇ ಹತ್ತಿದೆ.

ಸರ್ ಸೇತುವೆಯ ನಡುವೆ, ನಮ್ಮವ್ವ ನಿಂತಿದ್ದ ಜಾಗದಲ್ಲೇ, ಕಟಕಟೆಗೆ ಎರಡೂ ಕೈ ಊರಿ ನಿಂತಿದ್ದರು. ಬೆಂಕಿಗೆ ಮುಖ ಮಾಡಿ. ಸೂರ್ಯ ಇಳಿಯುತ್ತಿದ್ದ. ಕಲ್ಲಿದ್ದಲ ಹೊಗೆ ಬಿಸಿಲಿಗೆ ಬಂಗಾರದ ಬಣ್ಣ ತಳೆದು, ಸುರುಳಿ ಸುರುಳಿಯಾಗಿ, ಅವಸರವಿಲ್ಲದೆ ಮೇಲೇಳುತ್ತಿತ್ತು. ವ್ಯಾಗನ್ನಿನ ಅಂಚಿನಲ್ಲಿ ನೀಲಿ ಉರಿ ನೀರಿನಂತೆ ಹರಿದಾಡುತ್ತಿತ್ತು. ಕಂಟಿಗಳಿಂದ ಕಿಡಿಗಳು ಮೊಹರು ಹಾಕಿದ ಬಾಗಿಲುಗಳವರೆಗೆ ಹಾರಿ, ಅಲ್ಲಿ ಒಂದೊಂದಾಗಿ ಆರುತ್ತಿದ್ದವು. ಮಿಲಿಟರಿ ಗಾಡಿಯ ಆಚೆ ತುದಿಗೆ ಎಂಜಿನ್ನೊಂದು ಬಂದು ತಾಗುತ್ತಿತ್ತು, ಇನ್ನೂ ಎಳೆದಿರಲಿಲ್ಲ.

“ಸರ್, ನಡೀರಿ. ಕಾಲಿಗೆ ಬೀಳ್ತೀನಿ, ನಡೀರಿ.”

“ಭಾಳ ಚಂದ ಅದಲೇ,” ಎಂದರು. ಮೊದಲ ಸಲ ಅವರು ಮೆಲ್ಲಗೆ ಮಾತಾಡಿದ್ದನ್ನು ಕೇಳಿದೆ.

“ಸರ್...”

“ಇಷ್ಟು ಚಂದ ಇರತದಂತ ಯಾರೂ ಹೇಳಿದ್ದಿಲ್ಲ ನನ್ನ ಮುಂದ. ಪಾಪ, ಆಕಿಗಿ ಸೀರಿ ಜಗ್ಗಿದ್ದು ತಿಳಿದೇ ಇಲ್ಲೇನೋ. ನಾ ಸುಮ್ನ ಇಷ್ಟು ವರ್ಷ ಸಿಟ್ಟು ಹಿಡದೆ.”

ಅವರ ತೋಳು ಎಳೆದೆ. ಅಲುಗಲಿಲ್ಲ. ಅವರು ನೋಡುತ್ತಿದ್ದ ಕಡೆ ನಾನೂ ನೋಡಿದೆ, ಒಂದೇ ಗಳಿಗೆ ಎಂದುಕೊಂಡು. ಹೊಗೆ ಬಣ್ಣ ಬದಲಿಸಿ ಕೆಂಪಾಗುತ್ತಿತ್ತು. ಇನ್ನೇನು ಇಳಿಯುವುದು, ಈ ಕೆಂಪು ಪೂರ್ತಿಯಾಗಲಿ ಅನಿಸಿತು. ಕೈ ಅವರ ತೋಳಿನ ಮೇಲೆ ಹಾಗೆಯೇ ಉಳಿಯಿತು. ಎಳೆಯಬೇಕೆಂಬುದು ತಲೆಯಲ್ಲಿತ್ತು, ಕೈಗೆ ತಲುಪುತ್ತಿರಲಿಲ್ಲ. ಅಷ್ಟು ಹೊತ್ತು ನಾನು ಹೆದರಿದ್ದು ಹೆದರಿಕೆಯೇ ಅಲ್ಲ, ಇದು ಹೆದರಿಕೆ ಎಂದು ಆಗ ಗೊತ್ತಾಯಿತು. ಓಡಬೇಕಾದ ಕಾಲುಗಳಿಗೆ ಓಡುವ ಮನಸ್ಸೇ ಇರಲಿಲ್ಲ.

ಕೆಳಗಿನಿಂದ ಬೈಗುಳ ಕೇಳಿತು. ನಮ್ಮವ್ವ. ನಲ್ಲಿ ತಿರುವಿ ನೋಡಿ, ಬರೀ ಗಾಳಿ ಬಂದದ್ದು ಕಂಡು, ಖಾಲಿ ಕೊಡ ಕಂಕುಳಲ್ಲಿ ಹಿಡಿದು ಓಡಿ ಬಂದಿದ್ದಳು. ಏದುಸಿರು ಬಿಡುತ್ತ ಮೆಟ್ಟಿಲ ಬುಡದಲ್ಲಿ ನಿಂತು, ಬೆಂಕಿಯ ಕಡೆ ಕಣ್ಣೂ ಹಾಯಿಸದೆ, ನನ್ನೊಬ್ಬನನ್ನೇ ನೋಡುತ್ತ ಕೂಗುತ್ತಿದ್ದಳು.

“ಏ ಹಾಟ್ಯಾ! ನೀರಂತ ನೀರು! ಇಳೀತಿಯೋ ಇಲ್ಲೋ? ಕೊಡಾ ತಲಿಗಿ ಬಡಿತೀನಿ ಇವತ್ತ! ಇಳಿಯಲೇ ಕೆಳಗ, ಇಳೀ!”

ಸರ್ ಬಲಗಿವಿಯನ್ನು ಆ ಕಡೆ ತಿರುಗಿಸಿದರು. ಕತ್ತು ವಾರೆ ಮಾಡಿ ಕೇಳಿದರು. ಆಮೇಲೆ ಕಟಕಟೆಯಿಂದ ಕೈ ತೆಗೆದು, ನನ್ನ ಭುಜ ಹಿಡಿದು ಮೆಟ್ಟಿಲ ಕಡೆ ತಿರುಗಿಸಿದರು.

“ನಡಿ ಮಂಗ್ಯಾ,” ಎಂದರು. “ಅವ್ವ ಕರಿಯಾಕತ್ತಾಳ.”